ನನ್ನ ಹೆಸರಿನ ನಂಬರು

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹಿತ್ತಾಳೆಯ ಬುಷ್ ನೋಡುವ ಕೆಲಸ ಮಾಡುತ್ತೇನೆ. ಬುಷ್ ಅಂದರೆ ನೀರೆತ್ತುವ ಪಂಪಿನೊಳಗೆ ಕೂರುವ ಒಂದು ಸಣ್ಣ ಬಳೆ. ಉಂಗುರಕ್ಕಿಂತ ದೊಡ್ಡದು, ಕೈಬಳೆಗಿಂತ ಚಿಕ್ಕದು. ಯಂತ್ರದಿಂದ ಇಳಿದವು ಟ್ರೇ ತುಂಬ ನನ್ನ ಮೇಜಿಗೆ ಬರುತ್ತವೆ. ಒಂದೊಂದನ್ನೂ ಹಿಡಿದು, ಒಳಗೆ ಗೇಜು ತೂರಿಸಿ ಅಳತೆ ನೋಡಿ, ಆಮೇಲೆ ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ಗೀರು ಇದೆಯೇ, ಕೂದಲೆಳೆಯ ಬಿರುಕು ಇದೆಯೇ ಎಂದು ನೋಡಬೇಕು. ಹನ್ನೊಂದು ವರ್ಷದಿಂದ ಇದೇ ಕೆಲಸ. ನನ್ನ ಕಣ್ಣು ತಪ್ಪಿಸಿ ಹೋದ ಬುಷ್ ಒಂದೂ ಇಲ್ಲ ಎಂದು ಹೇಳುವುದಿಲ್ಲ. ಹೋದವನ್ನು ಬೆರಳಲ್ಲಿ ಎಣಿಸಬಹುದು ಎಂದು ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ಇಷ್ಟೆಲ್ಲ ಅಳೆದು ನೋಡುವವಳ ಚೀಲದಲ್ಲಿ ಇದ್ದದ್ದು ಒಂದು ಬಟನ್ ಫೋನು. ಅದರೊಳಗಿನ ಸಿಮ್ ಕೂಡ ನನ್ನದಾಗಿರಲಿಲ್ಲ. ವಿಜಯಪುರದ ಕಡೆಯಿಂದ ನಾವು ಮಾಕಳಿಗೆ ಬಂದ ಹೊಸದರಲ್ಲಿ ನನ್ನ ಗಂಡನ ಅಣ್ಣನವರು ತಮ್ಮ ಹೆಸರಿನಲ್ಲೇ ಮೂರು ಸಿಮ್ ತೆಗೆದು, ಒಂದನ್ನು ನನ್ನ ಕೈಗೆ ಕೊಟ್ಟಿದ್ದರು. ದೊಡ್ಡ ಫೋನು ಮನೆಗೆಲ್ಲ ಒಂದೇ, ಅದು ಗಂಡನದು. ಅವರು ಟೈಲ್ಸ್ ಹಾಕುವ ಕೆಲಸದವರು. ಬ್ಯಾಂಕಿನ ಮೆಸೇಜು, ಗ್ಯಾಸ್ ಸಿಲಿಂಡರಿನ ಓಟಿಪಿ, ನನ್ನ ಪಿಎಫ್‌ನ ಓಟಿಪಿ ಎಲ್ಲವೂ ಅವರ ಫೋನಿಗೇ ಬರುತ್ತಿದ್ದವು. ಅವರು ಯಾವುದೋ ಕಟ್ಟಡದ ಮೂರನೇ ಮಹಡಿಯಲ್ಲಿ ನಿಂತು ಅಂಕಿ ಓದಿ ಹೇಳುವುದು, ನಾನು ಇಲ್ಲಿ ಅಂಗೈ ಮೇಲೆ ಬರೆದುಕೊಳ್ಳುವುದು, ಹೀಗೇ ವರ್ಷಗಳು ನಡೆದಿದ್ದವು. ಅದರಲ್ಲಿ ನನಗೆ ಏನೂ ಕುಂದು ಕಂಡಿರಲಿಲ್ಲ.

ಹೋದ ವರ್ಷ ನಮ್ಮ ಮ್ಯಾನೇಜರು ಬುಷ್ ಲೈನಿನ ಪೂರ್ತಿ ಜವಾಬ್ದಾರಿಯನ್ನು ನನಗೆ ವಹಿಸಿದರು. ಲೈನು ಎಂದರೆ ನಾಲ್ಕು ಯಂತ್ರ, ಆರು ಜನ. ಕೆಟ್ಟ ಪೀಸು ಕಂಡರೆ ಕೂಡಲೇ ಫೋಟೋ ತೆಗೆದು ಕಾರ್ಖಾನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಕು, ಅಲ್ಲಿ ಬರುವ ಸೂಚನೆ ನೋಡಿಕೊಂಡು ಲೈನು ನಡೆಸಬೇಕು. ಗ್ರೂಪಿಗೆ ಸೇರಿಸಲು ನಂಬರು ಕೇಳಿದಾಗ ನಾನು ಅಭ್ಯಾಸದಂತೆ ಗಂಡನ ನಂಬರು ಕೊಟ್ಟೆ. ಫೋಟೋ ತೆಗೆಯಲು ಪಕ್ಕದ ಮೇಜಿನವಳ ಫೋನು ಎರವಲು ಪಡೆಯುತ್ತಿದ್ದೆ. ಆವತ್ತಿನಿಂದ ಗಂಡನ ಫೋನಿನ ತುಂಬ ಗೀರು ಬಿದ್ದ ಬುಷ್‌ಗಳ ಚಿತ್ರಗಳು. ಒಮ್ಮೆ ಅವರ ಮೇಸ್ತ್ರಿ ಅದನ್ನೆಲ್ಲ ನೋಡಿ, ಇದೇನು ಬಳೆ ವ್ಯಾಪಾರ ಶುರುಮಾಡಿದ್ದೀಯ ಎಂದು ಕೇಳಿದನಂತೆ. ಊಟಕ್ಕೆ ಕೂತಾಗ ಅದನ್ನು ಹೇಳಿಕೊಂಡು ನಾವಿಬ್ಬರೂ ನಕ್ಕೆವು.

ನಗು ಬಹಳ ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಮ್ಯಾನೇಜರು ಹೊರಗೆ ಗಿರಾಕಿಯ ಕಡೆ ಹೋಗಿದ್ದರು. ಹಿಂದಿನ ದಿನ ಕಳಿಸಿದ್ದ ಬುಷ್‌ಗಳ ಒಳಗಿನ ಅಳತೆ ಅವರಿಗೆ ಚಿಕ್ಕದಾಗಿದೆ, ಅದೇ ಗೇಜಿನಲ್ಲಿ ನೋಡಿದ ಇವತ್ತಿನ ಮಾಲನ್ನು ಗಾಡಿಗೆ ಹಾಕಬೇಡಿ ಎಂದು ಅಲ್ಲಿಂದಲೇ ಗ್ರೂಪಿಗೆ ಮೆಸೇಜು ಹಾಕಿದರು. ಆ ಮೆಸೇಜು ನನ್ನ ಗಂಡನ ಜೇಬಿಗೆ ಬಂತು. ಅವರು ಆಗ ಟೈಲ್ಸ್ ಕತ್ತರಿಸುವ ಯಂತ್ರದ ಮುಂದೆ ಬಗ್ಗಿ ಕೂತಿದ್ದರು. ಆಮೇಲೆ ತೆಗೆದು ನೋಡಿದಾಗಲೂ ದಿನಾ ಬರುವ ಬುಷ್ ಸುದ್ದಿಯೇ ಇರಬೇಕೆಂದು ಒಳಗೆ ಇಟ್ಟರು. ಫೋನು ಕೊಡುತ್ತಿದ್ದ ಪಕ್ಕದ ಮೇಜಿನವಳೂ ಆ ದಿನ ರಜೆ, ನನಗೆ ಯಾವುದೂ ಗೊತ್ತಿಲ್ಲ. ನಾನೇ ನಿಂತು ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿ ಗಾಡಿ ಹತ್ತಿಸಿದೆ. ಎರಡು ದಿನದ ಮೇಲೆ ಅಷ್ಟೂ ಮಾಲು ವಾಪಸು ಬಂತು.

ಬೈಗುಳಕ್ಕೆ ಸಿದ್ಧಳಾಗಿಯೇ ಮ್ಯಾನೇಜರ ಕೋಣೆಗೆ ಹೋದೆ. ಅವರು ಬೈಯಲಿಲ್ಲ. ಸವೆದ ಗೇಜನ್ನು ಬದಲಿಸಿದ್ದಾಯಿತು ಎಂದರು. ಆಮೇಲೆ ಕೇಳಿದರು: "ನಿಮ್ಮ ಕಣ್ಣಿನ ಮೇಲೆ ನನಗೆ ಡೌಟಿಲ್ಲಮ್ಮ. ಆದ್ರೆ ನಿಮ್ಮ ಹತ್ರ ಮಾತಾಡ್ಬೇಕು ಅಂದ್ರೆ ನಾನು ಯಾರಿಗೆ ಫೋನ್ ಮಾಡ್ಲಿ?"

ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಈ ಮಾತು ಬಸ್ಸಿನಲ್ಲಿ ಮಾಕಳಿಯವರೆಗೂ ನನ್ನ ಜೊತೆಗೇ ಬಂತು. ಹನ್ನೊಂದು ವರ್ಷ ದುಡಿದವಳನ್ನು ಕರೆಯಲು ಒಂದು ನಂಬರಿಲ್ಲ. ಸ್ಟಾಪಿನಲ್ಲಿ ಇಳಿಯುವ ಹೊತ್ತಿಗೆ ತೀರ್ಮಾನ ಆಗಿತ್ತು: ಫೋನು ನನ್ನದೇ, ಸಿಮ್ಮೂ ನನ್ನದೇ ಹೆಸರಿನದು, ಎರಡನ್ನೂ ನಾನೇ ಆರಿಸಬೇಕು.

ಗಂಡ ಬೇಡ ಎನ್ನಲಿಲ್ಲ. ತಮ್ಮ ಫೋನನ್ನು ನನಗೆ ಕೊಟ್ಟು ತಾವು ಹೊಸದು ತಗೊಳ್ಳುವುದಾಗಿ ಹೇಳಿದರು, ದೊಡ್ಡ ತ್ಯಾಗ ಮಾಡುವವರ ಹಾಗೆ. ಆ ಫೋನಿನ ಗಾಜು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸೀಳಿತ್ತು, ಸ್ಪೀಕರಿನ ತೂತಿನಲ್ಲಿ ಸಿಮೆಂಟು ಕೂತಿತ್ತು. ಇದು ನನ್ನ ಮೇಜಿಗೆ ಬಂದರೆ ಕೆಟ್ಟ ಪೀಸು ಹಾಕುವ ಕೆಂಪು ಡಬ್ಬಿಗೆ ಹೋಗುತ್ತದೆ ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಯಾವ ಕಂಪನಿಯ ಸಿಮ್ ಎಂದು ಕೇಳಿದರೆ ಪ್ರತಿಯೊಬ್ಬರದೂ ಒಂದೊಂದು ಉತ್ತರ. ಕೇಳುತ್ತಾ ಹೋದಂತೆ ಒಂದು ವಿಷಯ ತಿಳಿಯಿತು: ಎಲ್ಲರೂ ಹೊಗಳುವುದು ತಮ್ಮ ಬಳಿ ಇರುವುದನ್ನೇ. ನಮ್ಮ ಕೆಲಸದಲ್ಲಿ ಹೀಗೆ ಬಾಯಿಮಾತು ನಡೆಯುವುದಿಲ್ಲ, ಅಳೆದು ನೋಡಬೇಕು. ಹಾಗಾಗಿ ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಗೆರೆ ಎಳೆದೆ. ಮೇಲೆ ಮೂರು ಕಂಪನಿ, ಅವಕ್ಕೆ ‘ಅ’, ‘ಆ’, ‘ಇ’ ಎಂದು ಹೆಸರಿಟ್ಟೆ. ಪಕ್ಕದಲ್ಲಿ ನಾನು ಫೋನು ಎತ್ತಬೇಕಾದ ಜಾಗಗಳು: ತಗಡಿನ ಚಾವಣಿಯ ಕೆಳಗಿರುವ ನನ್ನ ಮೇಜು, ದಾರಿಯ ಬಸ್ಸು, ನಮ್ಮ ಬಾಡಿಗೆ ಮನೆಯ ಅಡುಗೆಕೋಣೆ, ಊರಿನಲ್ಲಿ ಅವ್ವನ ಮನೆ.

ಕಾರ್ಖಾನೆಯಲ್ಲಿ ಮೂರು ಕಂಪನಿಯ ಫೋನುಗಳೂ ಸಿಕ್ಕವು. ಊಟದ ಬಿಡುವಿನಲ್ಲಿ ಒಬ್ಬೊಬ್ಬರ ಫೋನು ಪಡೆದು ನನ್ನ ಮೇಜಿನ ಬಳಿ ನಿಂತು ಒಂದು ಫೋಟೋ ಕಳಿಸುವುದು, ಅದು ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗೋಡೆಯ ಗಡಿಯಾರ ನೋಡುವುದು. ಮೊದಲ ದಿನ ಎಲ್ಲರೂ ತಮಾಷೆ ಮಾಡಿದರು. ಮೂರನೇ ದಿನಕ್ಕೆ ಅವರೇ ಬಂದು, ಅಕ್ಕಾ ಇವತ್ತು ನಂದು ಎಷ್ಟು ಸೆಕೆಂಡು ಎಂದು ಕೇಳತೊಡಗಿದರು.

ಅಡುಗೆಕೋಣೆಯ ಪರೀಕ್ಷೆ ಕಷ್ಟವಾಯಿತು. ನಮ್ಮದು ಸಾಲುಮನೆಗಳ ಕೊನೆಯ ಮನೆ, ಅಡುಗೆಕೋಣೆಗೆ ಮೂರು ಕಡೆಯೂ ಗೋಡೆ. ಮನೆ ಮಾಲೀಕರ ತಾಯಿ, ಮಾಕಳಿಯಲ್ಲೇ ಹುಟ್ಟಿ ಬೆಳೆದ ಅಜ್ಜಿ, ನಾನು ಪಕ್ಕದ ಮನೆಯವರ ಫೋನು ಹಿಡಿದು ಒಳಗೂ ಹೊರಗೂ ಓಡಾಡುವುದನ್ನು ನೋಡಿ ಏನೆಂದು ವಿಚಾರಿಸಿದರು. ಹೇಳಿದೆ. ಅಜ್ಜಿ ಎರಡು ಬೀದಿಯಾಚೆಯ ಟವರಿನ ಕಡೆ ಕೈ ತೋರಿಸಿ, "ಅದು ನಮ್ಮ ರಾಗಿ ಒಲದಾಗೇ ನಿಂತೈತೆ ಕಣವ್ವ. ನಮ್ಗೇ ಒಳ್ಗೆ ಸಿಗಾಕಿಲ್ಲ, ದೀಪದ ಬುಡ ಕತ್ಲು ಅಂತಾರಲ್ಲ, ಅಂಗೆ," ಎಂದರು. ಆಮೇಲೆ ತಮ್ಮ ಮಗನ ಫೋನನ್ನೂ ತಂದುಕೊಟ್ಟರು. ನನಗೆ ಬೇಕಾಗಿದ್ದ ಮೂರನೇ ಕಂಪನಿಯದು ಅದೇ ಆಗಿತ್ತು.

ಬಸ್ಸಿನಲ್ಲಿ ಜೊತೆಗೆ ಬರುವವರ ಫೋನುಗಳಲ್ಲಿ ನೋಡಿದಾಗ ಮೂರೂ ಹೆಚ್ಚುಕಡಿಮೆ ಒಂದೇ ಥರ ಇದ್ದವು. ಉಳಿದದ್ದು ಊರು. ನನ್ನ ಅವ್ವ ನಾಲ್ಕು ಹೆಂಗಸರನ್ನು ಜೊತೆಗಿಟ್ಟುಕೊಂಡು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕಳಿಸುತ್ತಾಳೆ. ಅವಳಿಗೆ ಪುರುಸೊತ್ತು ಕಡಿಮೆ. ಆದರೂ ಒಲೆಯ ಮುಂದೆ ಕೂತು ಮೂರೂ ಕಂಪನಿಯ ಫೋನುಗಳಿಂದ ಮಾತಾಡಿ ನೋಡಲು ಹೇಳಿದೆ. ಮರುದಿನ ಅವಳದೇ ಫೋನು ಬಂತು. ‘ಅ’ ಕಂಪನಿಯದು ಒಲೆಯ ಮುಂದೆ ಹತ್ತುವುದೇ ಇಲ್ಲ, ‘ಆ’ ಕಂಪನಿಯದು ತಡೆದು ತಡೆದು ಬರುತ್ತದೆ, ‘ಇ’ ಕಂಪನಿಯದು ನೆಟ್ಟಗಿದೆ ಎಂದು ವರದಿ ಒಪ್ಪಿಸಿ, ಕೆಲಸವಿದೆ ಎಂದು ಇಟ್ಟುಬಿಟ್ಟಳು.

ಹಾಳೆ ತುಂಬಿದ ಮೇಲೆ ನೋಡಿದರೆ ಹೀಗಿತ್ತು. ಕಾರ್ಖಾನೆಯಲ್ಲಿ ‘ಅ’ ಎಲ್ಲಕ್ಕಿಂತ ಚುರುಕು, ಅಡುಗೆಕೋಣೆಯಲ್ಲಿ ಸೊನ್ನೆ. ‘ಆ’ ಕಾರ್ಖಾನೆಯಲ್ಲಿ ಪರವಾಗಿಲ್ಲ, ಮನೆಯಲ್ಲಿ ಒಳ್ಳೆಯದು, ಊರಲ್ಲಿ ಕುಂಟು. ‘ಇ’ ಊರು ಬಿಟ್ಟರೆ ಎಲ್ಲಿಯೂ ಮೊದಲ ಸ್ಥಾನದಲ್ಲಿರಲಿಲ್ಲ, ಆದರೆ ಎಲ್ಲಿಯೂ ಕೈಕೊಟ್ಟಿರಲಿಲ್ಲ. ಬುಷ್ ಅಂದಮೇಲೆ ಒಂದು ಕಡೆ ಕನ್ನಡಿಯ ಹಾಗೆ ಹೊಳೆದು ಇನ್ನೊಂದು ಕಡೆ ಬಿರುಕು ಬಿಟ್ಟಿದ್ದರೆ ಪಾಸು ಮಾಡಲಾಗುವುದಿಲ್ಲ. ‘ಇ’ಗೆ ಗುಂಡು ಸುತ್ತಿದೆ.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಮೇನ್ ರೋಡಿನ ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯವರು ಮಾಕಳಿಯವರೇ. ಅವರ ತಂದೆ ಅದೇ ಜಾಗದಲ್ಲಿ ಹೂವಿನ ತೋಟ ಮಾಡಿದ್ದರಂತೆ. ಒಳ್ಳೆಯ ಮನುಷ್ಯ, ಆದರೆ ಫೋನುಗಳನ್ನೆಲ್ಲ ನನ್ನ ಗಂಡನ ಮುಂದೆ ಇಡುತ್ತಾ ಹೋದರು. ನನ್ನ ಗಂಡ ಅವನ್ನು ಒಂದೊಂದಾಗಿ ನನ್ನ ಕಡೆ ಸರಿಸುತ್ತಾ ಬಂದರು. ಮೂರನೆಯದನ್ನು ಸರಿಸುವಾಗ ಅಂಗಡಿಯವರಿಗೆ ವಿಷಯ ಅರ್ಥವಾಗಿ, ಸ್ಟೂಲನ್ನು ನನ್ನ ಕಡೆ ತಿರುಗಿಸಿಕೊಂಡರು.

ಕ್ಯಾಮೆರಾ ಹೇಗಿದೆ ಎಂದು ಕೇಳಿದೆ. ಅವರು ಮೆಗಾಪಿಕ್ಸೆಲ್ ಲೆಕ್ಕ ಶುರುಮಾಡಿದರು. ನಾನು ಚೀಲದಿಂದ ಒಂದು ಬುಷ್ ತೆಗೆದು ಗಾಜಿನ ಮೇಲಿಟ್ಟೆ. ಕೂದಲೆಳೆಯ ಬಿರುಕಿದ್ದ ಕೆಟ್ಟ ಪೀಸು ಅದು, ಮ್ಯಾನೇಜರನ್ನು ಕೇಳಿಯೇ ತಂದಿದ್ದೆ. ಯಾವ ಫೋನಿನ ಫೋಟೋದಲ್ಲಿ ಈ ಬಿರುಕು ಕಾಣುತ್ತದೋ ಅದು ಬೇಕು ಎಂದೆ. ಅಂಗಡಿಯವರು ಬುಷ್ಷನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿದರು. ಬಿರುಕು ಎಲ್ಲಿದೆ ಎಂದು ನಾನು ಉಗುರಿನಿಂದ ತೋರಿಸಬೇಕಾಯಿತು.

ಆಮೇಲೆ ಅವರಿಗೇ ಹುರುಪು ಬಂತು. ಅವರೇ ಒಂದೊಂದು ಫೋನು ಆನ್ ಮಾಡಿ ಫೋಟೋ ತೆಗೆದು, ದೊಡ್ಡದು ಮಾಡಿ ಸಾಲಾಗಿ ಇಟ್ಟರು. ಅಂಗಡಿಯಲ್ಲೇ ಬಹಳ ದುಬಾರಿಯಾದದ್ದು ದೂರದ ಬೋರ್ಡನ್ನು ಅಕ್ಷರ ಅಕ್ಷರವಾಗಿ ತೋರಿಸುತ್ತಿತ್ತು, ಬುಷ್ಷನ್ನು ಹತ್ತಿರ ಹಿಡಿದರೆ ಮಬ್ಬು. ಇನ್ನೊಂದು ಚರ್ಮವನ್ನು ನುಣುಪು ಮಾಡಿ ತೋರಿಸುವ ಜಾತಿಯದು. ಅದು ಬುಷ್ಷನ್ನೂ ನುಣುಪು ಮಾಡಿ ಬಿರುಕನ್ನೇ ಅಳಿಸಿಬಿಟ್ಟಿತ್ತು. ನಡುವಿನ ಬೆಲೆಯ ಒಂದು ಕಪ್ಪು ಫೋನಿನಲ್ಲಿ ಬಿರುಕು ಇದ್ದ ಹಾಗೇ, ಕಪ್ಪು ದಾರದ ಎಳೆಯಂತೆ ಬಂತು. ಅಂಗಡಿಯವರು ಅದನ್ನು ನೋಡಿ, ಇಷ್ಟು ವರ್ಷ ವ್ಯಾಪಾರ ಮಾಡಿ ಇಂಗೆ ನೋಡಿರ್ಲಿಲ್ಲ ಅಕ್ಕಾ ಎಂದರು. ಅದನ್ನೇ ತಗೊಂಡೆ.

ಪ್ಲಾನಿನ ವಿಷಯಕ್ಕೂ ತಯಾರಾಗಿ ಹೋಗಿದ್ದೆ. ಒಂದು ವಾರ ಫೋಟೋಗಳಿಗೆ ಎಷ್ಟು ಡೇಟಾ ಆಗುತ್ತದೆ ಎಂದು ಗಂಡನ ಫೋನಿನ ಸೆಟ್ಟಿಂಗಿನಲ್ಲಿ ನೋಡಿಕೊಂಡಿದ್ದೆ. ಅಂಗಡಿಯವರು ದಿನಕ್ಕೆ ಎರಡೂವರೆ ಜಿಬಿಯದನ್ನು ಹೇಳಿದರು, ಜೊತೆಗೆ ಸಿನಿಮಾ ನೋಡುವುದೂ ಫ್ರೀ. ನನಗೆ ಅದರ ಅರ್ಧವೂ ಬೇಡ ಎಂದೆ. ತಿಂಗಳ ಪ್ಲಾನ್ ಎಂದರೆ ಎಷ್ಟು ದಿನ ಎಂದು ಕೇಳಿದೆ. ಇಪ್ಪತ್ತೆಂಟು ಎಂದು ಅವರೇ ನಕ್ಕರು. ನನ್ನ ತಿಂಗಳಲ್ಲಿ ಮೂವತ್ತು ದಿನ ಇದೆ ಎಂದೆ. ಕೊನೆಗೆ ಡೇಟಾ ಕಡಿಮೆ, ದಿನ ಜಾಸ್ತಿ ಇರುವ, ಎಂಬತ್ತನಾಲ್ಕು ದಿನದ್ದು ಆರಿಸಿದೆ. ಫೋನಿನಲ್ಲಿ ಎರಡು ಸಿಮ್ ಹಾಕಬಹುದು, ಇನ್ನೊಂದು ಕಂಪನಿಯದೂ ಇರಲಿ ಎಂದು ಅವರು ಹೇಳಿ ನೋಡಿದರು. ಎರಡು ಸಿಮ್ ಎಂದರೆ ಎರಡು ರೀಚಾರ್ಜು. ಬೇಡ ಎಂದೆ.

ಅಲ್ಲಿಯವರೆಗೆ ಎಲ್ಲ ಸರಾಗ. ಸಿಮ್ ಕೊಡುವ ಮೊದಲು ಆಧಾರ್ ನಂಬರು ಬರೆದುಕೊಂಡು, ಬೆರಳಚ್ಚು ಹಿಡಿಯುವ ಚಿಕ್ಕ ಯಂತ್ರವನ್ನು ನನ್ನ ಮುಂದಿಟ್ಟರು. ಬಲಗೈ ಹೆಬ್ಬೆರಳು ಒತ್ತಿದೆ. ಕೆಂಪು ದೀಪ. ಒರೆಸಿಕೊಂಡು ಮತ್ತೆ ಒತ್ತಿದೆ. ಕೆಂಪು. ಎಡಗೈ ಹೆಬ್ಬೆರಳು, ತೋರುಬೆರಳು, ಎಲ್ಲಕ್ಕೂ ಕೆಂಪು. ಅಂಗಡಿಯವರು ನನ್ನ ಬೆರಳು ತಿರುಗಿಸಿ ನೋಡಿದರು. ಗೆರೆಯೇ ಇಲ್ಲ. ಹನ್ನೊಂದು ವರ್ಷ ಹಿತ್ತಾಳೆಯೂ ಎಣ್ಣೆಯೂ ಸೇರಿ ಅದನ್ನು ಉಜ್ಜಿ ನುಣ್ಣಗೆ ಮಾಡಿದ್ದವು. ಅವರಿಗೆ ಇದು ಹೊಸದಲ್ಲ. ಫ್ಯಾಕ್ಟರಿಯವರು, ಗಾರೆ ಕೆಲಸದವರು ಬಂದರೆ ಇದೇ ಪಾಡು ಎಂದರು.

ನನ್ನ ಹಿಂದೆ ಆಗಲೇ ಇಬ್ಬರು ಗಿರಾಕಿಗಳು ನಿಂತಿದ್ದರು. ತಪ್ಪು ಮಾಡಿದವಳ ಹಾಗೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಆಗ ಗಂಡ ಮೆತ್ತಗೆ, "ಹೋಗಲಿ ಬಿಡು, ನನ್ನ ಹೆಸರಿನ್ಯಾಗ ತಗೋಳೋಣು. ನಿನಗ ಬೇಕಾದದ್ದು ಫೋನ್ ಹೌದಲ್ಲೊ," ಎಂದು ತಮ್ಮ ಹೆಬ್ಬೆರಳನ್ನು ಯಂತ್ರದ ಕಡೆ ಚಾಚಿದರು.

"ಬ್ಯಾಡ್ರಿ," ಅಂದೆ. "ನನ್ನ ಹೆಸರಿನ್ಯಾಗ ಬರಬೇಕು. ಬರಲಿಲ್ಲಂದ್ರ ಮುಂದಿನ ವಾರ ಮತ್ತ ಬರೂಣು."

ಹೇಳಿದೆನೇ ಹೊರತು ಮುಂದಿನ ವಾರಕ್ಕೆ ಗೆರೆ ಹುಟ್ಟುವುದಿಲ್ಲ ಎಂದು ನನಗೂ ಗೊತ್ತಿತ್ತು. ಅಂಗೈ ಬಿಚ್ಚಿ ನೋಡಿಕೊಂಡೆ. ಕೆಟ್ಟ ಪೀಸಿನಲ್ಲಿ ಸವೆತ ಎಲ್ಲಿಂದ ಶುರುವಾಗಿದೆ ಎಂದು ನೋಡುವ ಹಾಗೆಯೇ ನೋಡಿದೆ. ಬುಷ್ಷನ್ನು ನಾನು ಹಿಡಿಯುವುದು ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನಿಂದ. ಗೇಜು ಹಿಡಿದ ಬಲಗೈಯಲ್ಲಿ ಐದೂ ಬೆರಳಿಗೆ ಕೆಲಸ. ಕೆಲಸವಿಲ್ಲದೆ ಮಡಿಚಿಕೊಂಡು ಕೂರುವುದು ಎಡಗೈಯ ಕೊನೆಯ ಎರಡು. ಉಂಗುರಬೆರಳನ್ನು ಬೆಳಕಿಗೆ ಹಿಡಿದೆ. ತೆಳ್ಳಗೆ ಗೆರೆಗಳು, ಒಂದರ ಪಕ್ಕ ಒಂದು, ಇದ್ದವು.

ಅಂಗಡಿಯವರನ್ನು ನೀರು ಕೇಳಿದೆ. ಹೊರಗೆ ಹೋಗಿ ಬೆರಳು ತೊಳೆದು, ಸೆರಗಿನಲ್ಲಿ ಚೆನ್ನಾಗಿ ಒರೆಸಿ, ಬಂದು ಉಂಗುರಬೆರಳನ್ನು ಯಂತ್ರದ ಮೇಲಿಟ್ಟೆ. "ಅಂಗೇ ಇಟ್ಕೊಳಿ ಅಕ್ಕಾ, ಅಲ್ಲಾಡಿಸ್ಬೇಡಿ," ಎಂದರು ಅವರು. ಹಸಿರು ದೀಪ ಬಂತು. ಅವರ ಫೋನಿನ ಪರದೆಯ ಮೇಲೆ ನನ್ನ ಹೆಸರು, ನನ್ನ ಫೋಟೋ ತೆರೆದುಕೊಂಡವು. ಹಿಂದೆ ನಿಂತಿದ್ದವರಲ್ಲಿ ಒಬ್ಬರು, ಪ್ಲಂಬಿಂಗ್ ಕೆಲಸದವರಂತೆ ಕಂಡರು, ತಮ್ಮ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿಕೊಳ್ಳತೊಡಗಿದರು.

ದಾರಿಯಲ್ಲಿ ಗಂಡ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ಅವರಿಗೆ ನೋವಾಗಿದೆ ಎಂದು ಗೊತ್ತಾಯಿತು. ಕಬ್ಬಿನಹಾಲಿನ ಗಾಡಿಯ ಹತ್ತಿರ ನಿಂತಾಗ ಕೇಳಿಯೇಬಿಟ್ಟರು, ತಮ್ಮ ಹೆಸರಿನಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂದು.

"ನೀವು ಏನರ ಮಾಡ್ತಿದ್ರಿ ಅಂತಲ್ಲ," ಅಂದೆ. "ಆ ದಿನ ಮಾಲು ವಾಪಸ್ ಬಂದಾಗ ತಪ್ಪು ನಂದೊ ನಿಮ್ಮದೊ ಅಂತ ನನಗ ತಿಳೀಲಿಲ್ಲ. ಇನ್ನ ಮ್ಯಾಲ ತಪ್ಪಾದ್ರ ನಂದು ಅಂತ ಗೊತ್ತಿರಲಿ."

ಅವರು ಲೋಟ ಕೆಳಗಿಟ್ಟು, ಆ ಮೆಸೇಜನ್ನು ತಾವು ಅಂದೇ ಓದಬೇಕಿತ್ತು ಎಂದರು. ಅಷ್ಟು ದಿನ ಇಬ್ಬರೂ ಆಡದೆ ಬಿಟ್ಟಿದ್ದ ಮಾತು ಅದು. ಮನೆಗೆ ಬಂದಮೇಲೆ ಗ್ರೂಪಿನಿಂದ ತಮ್ಮ ನಂಬರನ್ನು ತಾವೇ ತೆಗೆದರು. ಮುಂದಿನ ವಾರ ನಾನು ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೂ ಆಧಾರ್ ಸೆಂಟರಿಗೂ ಹೋಗಿ ಎಲ್ಲ ಕಡೆ ನಂಬರು ಬದಲಿಸಿ ಬಂದೆ.

ಲೈನು ಚೆನ್ನಾಗಿ ನಡೆಯಿತು. ಬೆಳಿಗ್ಗೆ ಮೊದಲ ಟ್ರೇಯಲ್ಲೇ ತಪ್ಪು ಕಂಡರೆ ಫೋಟೋ ಹೋಗಿ, ಯಂತ್ರ ನಿಂತು, ಸರಿಯಾಗಿ, ಮತ್ತೆ ಓಡುವುದು ಹತ್ತು ನಿಮಿಷದ ಕೆಲಸವಾಯಿತು. ಮ್ಯಾನೇಜರು ನೇರವಾಗಿ ನನಗೇ ಫೋನು ಮಾಡುತ್ತಿದ್ದರು.

ಆದರೆ ನನ್ನ ಹಾಳೆಯ ಲೆಕ್ಕ ಐದು ತಿಂಗಳಷ್ಟೇ ನಡೆಯಿತು. ಒಂದು ಸಂಜೆ ಅಡುಗೆಕೋಣೆಯಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದಾಗ ದನಿ ಕಡಿದು ಕಡಿದು ಬಂತು. ಮರುದಿನವೂ ಹಾಗೇ. ಫೋನೇ ಕೆಟ್ಟಿತೆಂದು ಹೆದರಿದೆ. ಹೊರಗೆ ಬಂದರೆ ಸರಿಯಿದೆ. ಆಮೇಲೆ ತಲೆಯೆತ್ತಿ ನೋಡಿದೆ. ನಮ್ಮ ಸಾಲುಮನೆಗೂ ‘ಇ’ ಕಂಪನಿಯ ಟವರಿಗೂ ನಡುವೆ ಐದು ಮಹಡಿಯ ಕಟ್ಟಡ ಎದ್ದಿತ್ತು. ಅದು ಏಳುತ್ತಿರುವುದನ್ನು ದಿನಾ ನೋಡಿದ್ದೆ. ನನ್ನ ಗಂಡ ಅದರ ಎರಡನೇ ಮಹಡಿಗೆ ಟೈಲ್ಸ್ ಹಾಕುತ್ತಿದ್ದರು, ನನಗೆ ರಜೆಯಿದ್ದಾಗ ಮಧ್ಯಾಹ್ನ ಅವರಿಗೆ ಬುತ್ತಿ ಕೊಟ್ಟು ಬಂದ ದಿನಗಳೂ ಇದ್ದವು. ಸಿಗ್ನಲ್ಲಿಗೆ ಅಡ್ಡ ನಿಲ್ಲುತ್ತದೆಂದು ಮಾತ್ರ ಹೊಳೆದಿರಲಿಲ್ಲ. ಅವರಿಗೆ ಹೇಳಿದರೆ, ಬೇಕಿದ್ದರೆ ಕೆಲಸ ನಿಲ್ಲಿಸಲೇನು ಎಂದು ಗಂಭೀರವಾಗಿ ಕೇಳಿದರು.

ಮೊದಲಾಗಿದ್ದರೆ ಕೊಂಡದ್ದು ಹಾಳಾಯಿತೆಂದು ಕೊರಗುತ್ತಿದ್ದೆ. ಈ ಸಲ ಇನ್ನೊಂದು ಹಾಳೆಗೆ ಗೆರೆ ಎಳೆದೆ. ಎರಡು ದಿನ ಮತ್ತೆ ನೋಡಿದೆ. ಅಡುಗೆಕೋಣೆಯಲ್ಲಿ ‘ಆ’ ಕಂಪನಿ ಈಗಲೂ ಚೆನ್ನಾಗಿತ್ತು. ಊರಿನಲ್ಲಿ ಅದು ಕುಂಟುತ್ತಿದ್ದದ್ದು ನೆನಪಿತ್ತು, ಅವ್ವನನ್ನು ಕೇಳಿದೆ. ಆರು ವಾರದ ಹಿಂದೆ ಅಲ್ಲಿ ಹೊಸ ಟವರು ಬಂದಿದೆ, ಈಗ ರೊಟ್ಟಿ ಬಡಿಯುವ ಸದ್ದೂ ಆಚೆಯವರಿಗೆ ಕೇಳುತ್ತದೆ ಎಂದಳು. ನಂಬರು ಅದೇ ಇಟ್ಟುಕೊಂಡು ಕಂಪನಿ ಬದಲಿಸಬಹುದು, ಅದಕ್ಕೆ ಪೋರ್ಟ್ ಎನ್ನುತ್ತಾರೆ, ಸಿಮ್ ತಗೊಂಡು ಮೂರು ತಿಂಗಳು ದಾಟಿದ್ದರೆ ಸಾಕು ಎಂದು ಅಂಗಡಿಯವರು ತಿಳಿಸಿದರು. ಒಂದು ಮೆಸೇಜು ಕಳಿಸಿದೆ, ಕೋಡು ಬಂತು, ಕೆಲವು ದಿನಕ್ಕೆ ಹೊಸ ಸಿಮ್ ಕೆಲಸ ಶುರುಮಾಡಿತು. ಯಾರಿಗೂ ಹೊಸ ನಂಬರು ಹೇಳಬೇಕಾಗಲಿಲ್ಲ.

ಈಗ ಕಾರ್ಖಾನೆಯಲ್ಲಿ ಫೋನು ತಗೊಳ್ಳುವ ಹೆಂಗಸರು ನನ್ನನ್ನು ಜೊತೆಗೆ ಕರೆಯುತ್ತಾರೆ. ಹೋದ ಭಾನುವಾರ ಪ್ಯಾಕಿಂಗಿನಲ್ಲಿರುವ ಒಬ್ಬಳು ಚಿಕ್ಕಬಾಣಾವರದಿಂದ ಬಸ್ಸು ಹತ್ತಿ ಮಾಕಳಿಯವರೆಗೆ ಬಂದಿದ್ದಳು. ಯಾವ ಕಂಪನಿ ಒಳ್ಳೆಯದು ಅಕ್ಕಾ ಎಂದು ಬರುತ್ತಲೇ ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಅವಳ ಮುಖ ಸಣ್ಣದಾಯಿತು. ಅವಳ ಮನೆ ಯಾವ ಕಡೆಗಿದೆ, ಹಗಲು ಹೆಚ್ಚು ಹೊತ್ತು ಎಲ್ಲಿರುತ್ತಾಳೆ, ದಿನಾ ಯಾರ ಹತ್ತಿರ ಮಾತಾಡುತ್ತಾಳೆ ಎಂದು ಕೇಳಿದೆ. ಅವಳು ಹೇಳುತ್ತಾ ಹೋದಳು. ಟೀ ಕುಡಿದು ಮುಗಿಯುವ ಹೊತ್ತಿಗೆ ಅವಳೇ ಒಂದು ಹಾಳೆ ಕೇಳಿ ಪಡೆದು ಗೆರೆ ಎಳೆಯಲು ಕೂತಿದ್ದಳು. ಆವತ್ತು ನಾವು ಅಂಗಡಿಗೆ ಹೋಗಲಿಲ್ಲ. ಮೊದಲು ಒಂದು ವಾರ ಅಳೆದು ನೋಡಿ, ಮುಂದಿನ ಭಾನುವಾರ ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದಳು.